ಕಿಡ್ನಿ ಸಿಕ್ತು, ಧೈರ್ಯ ಯಾರು ಕೊಡ್ತಾರ್ರಿ?



ಈ ಸಲ ನಾವು ಕನ್ನಡ ಶಾಲೆ ಬಗ್ಗೆ ಬರೀತಿಲ್ಲ, ಪಠ್ಯಪುಸ್ತಕದ ಬಗ್ಗೆ ಬರೀತಿಲ್ಲ, ಮೇಷ್ಟ್ರ ಹುದ್ದೆ ಖಾಲಿ ಇರೋದರ ಬಗ್ಗೆಯೂ ಬರೀತಿಲ್ಲ. ಒಬ್ಬ ವಾಲಿಬಾಲ್ ಹುಡುಗನ ಬಗ್ಗೆ ಬರೀತಿದ್ದೀವಿ. "ಇದು ನಮ್ಮ ವಿಷಯ ಅಲ್ಲ" ಅಂತ ದಾಟಿ ಹೋಗಬ್ಯಾಡ್ರಿ. ಕೊನೆತನಕ ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ನಾವು ಬ್ಯಾಂಕಿನ ಗುಮಾಸ್ತರು, ಬಿ.ಕಾಂ ಓದಿದವರು. ಡಾಕ್ಟರಲ್ಲ, ಮನಃಶಾಸ್ತ್ರ ಓದಿದವರಲ್ಲ. ಆದರೆ ಕೌಂಟರಿನ ಹಿಂದೆ ಕೂತವರಿಗೆ ಊರಿನ ಕಷ್ಟ ಎಲ್ಲರಿಗಿಂತ ಮೊದಲು ಗೊತ್ತಾಗುತ್ತೆ. ಯಾರ ಮನೆ ಬಂಗಾರ ಅಡ ಇಡಲಿಕ್ಕೆ ಬಂತು, ಯಾರ ಬಂಗಾರ ಬಿಡಿಸಲಿಕ್ಕಾಗದೆ ವರ್ಷ ವರ್ಷ ಬಡ್ಡಿ ಕಟ್ಟಿ ರಿನ್ಯೂವಲ್ ಆಗ್ತಿದೆ, ಎಲ್ಲಾ ನಮ್ಮ ಕಣ್ಣ ಮುಂದೆಯೇ. ಕೌತಾಳಂ ಕಡೆಯ ಒಂದು ಹಳ್ಳಿಯ ತಾಯಿ-ಮಗ ನಮಗೆ ಪರಿಚಯ ಆದದ್ದು ಹಾಗೆ. ಹುಡುಗನ ಒಪ್ಪಿಗೆ ಕೇಳಿಯೇ ಬರೀತಿದ್ದೀವಿ. ಹೆಸರು, ಊರು ಬರೆಯೋದಿಲ್ಲ.

ಹುಡುಗ ಒಳ್ಳೆ ಸ್ಮ್ಯಾಷರ್. ಹಬ್ಬ-ಜಾತ್ರೆ ಟೂರ್ನಮೆಂಟಿಗೆ ಅಕ್ಕಪಕ್ಕದ ಊರಿನವರು ಹುಡುಕಿಕೊಂಡು ಬಂದು ಕರ್ಕೊಂಡು ಹೋಗ್ತಿದ್ದರು. ಕಾಲೇಜು ಸೇರಿದ ವರ್ಷ ಕಾಲು ಬಾತವು, ಮುಖ ಬಾತಿತು. ತೋರಿಸೋ ಹೊತ್ತಿಗೆ ಎರಡೂ ಕಿಡ್ನಿ ಹೋಗಿದ್ದವು. ಎರಡು ವರ್ಷ ಡಯಾಲಿಸಿಸ್. ಆಮೇಲೆ ತಾಯಿ ತನ್ನದೊಂದು ಕಿಡ್ನಿ ಕೊಟ್ಟಳು. ಓಡಾಟದ ಖರ್ಚಿಗೆ ಕೊರಳಲ್ಲಿದ್ದದ್ದನ್ನೂ ತಂದು ನಮ್ಮ ಕೌಂಟರಿನ ಮೇಲಿಟ್ಟಳು. ಆಪರೇಷನ್ ಆಗಿ ಎರಡು ವರ್ಷ ದಾಟಿದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ, ರಕ್ತದ ರಿಪೋರ್ಟು ಚೆನ್ನಾಗಿ ಬರ್ತಿದೆ.

ಒಂದು ಸಂಜೆ ಮೈದಾನದ ಕಡೆ ಹೋದಾಗ ಅವನು ಲೈನಿನ ಆಚೆ ಚಪ್ಪಲಿ ಹಾಕಿಕೊಂಡು ನಿಂತಿದ್ದ. "ಏನಪ್ಪ, ಆಡೋದಿಲ್ಲೇನು?" ಅಂದೆವು.

"ಡಾಕ್ಟ್ರು ಆಡು ಅಂದಾರ ಸಾರ್. ಅಮ್ಮನೂ ಬ್ಯಾಡ ಅನ್ನಲ್ಲ. ನನಗೇ ಆಗವಲ್ದು. ಚೆಂಡು ಬಂದ್ರ ಕೈ ಚೆಂಡಿಗೆ ಹೋಗಲ್ಲ ಸಾರ್, ಹೊಟ್ಟಿಗೆ ಹೋಗ್ತದ."

ಈ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಕಸಿ ಮಾಡುವಾಗ ಹಳೇ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯೋದಿಲ್ಲ, ಅವು ಬೆನ್ನಿನ ಕಡೆ ಇದ್ದಲ್ಲೇ ಇರುತ್ತವೆ. ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ, ಮುಂದುಗಡೆ, ಸೊಂಟದ ಮೂಳೆಯ ಒಳಗಿನ ಜಾಗದಲ್ಲಿ ಕೂರಿಸ್ತಾರೆ. ಬೆನ್ನಿನ ಸ್ನಾಯು, ಪಕ್ಕೆಲುಬುಗಳ ರಕ್ಷಣೆ ಅದಕ್ಕಿಲ್ಲ. ಕೈಯಿಟ್ಟರೆ ಅಲ್ಲೇ ಇದೆ ಅಂತ ಗೊತ್ತಾಗುತ್ತೆ. ಅದು ಅವರಮ್ಮನದು. ಆ ಕೈ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಅವತ್ತು ನಾವೇನು ಮಾಡಿದೆವು ಅಂತ ಹೇಳಿಬಿಡ್ತೀವಿ, ಮುಚ್ಚುಮರೆ ಬೇಡ. ಬೆನ್ನು ತಟ್ಟಿ, "ಹೆದರಬ್ಯಾಡ, ಏನಾಗಲ್ಲ, ರಾಯರಿದ್ದಾರೆ" ಅಂದೆವು. ಅಷ್ಟಕ್ಕೇ ನಿಲ್ಲಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆದು, ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, "ಸಾವನ್ನೇ ಗೆದ್ದ ಕ್ರೀಡಾಪಟು" ಅಂತ ಫ್ಲೆಕ್ಸ್ ಹಾಕಿದೆವು. ಜನ ಚಪ್ಪಾಳೆ ತಟ್ಟಿದರು. ಹುಡುಗನ ಕೈ ನಡುಗುತ್ತಿತ್ತು. ಸಂಕೋಚ ಅಂದುಕೊಂಡೆವು. ಅದಾದ ಮೇಲೆ ಅವನು ಮೈದಾನದ ಕಡೆ ಬರೋದನ್ನೇ ಬಿಟ್ಟ. ಮೊದಲು ಲೈನಿನ ಆಚೆಯಾದರೂ ನಿಲ್ಲುತ್ತಿದ್ದ. ಸಾವನ್ನು ಗೆದ್ದವನು ಅಂತ ಊರಿಗೆಲ್ಲ ಬೋರ್ಡು ಹಾಕಿದ ಮೇಲೆ, ಒಂದು ಚೆಂಡಿಗೆ ಹೆದರ್ತೀನಿ ಅಂತ ಅವನು ಯಾರ ಮುಂದೆ ಹೇಳಬೇಕು?

ತಪ್ಪು ನಮ್ಮದು. ಅದಕ್ಕೇ ಈ ಬರಹ. "ಹೆದರಬ್ಯಾಡ" ಅನ್ನೋದು ಚಿಕಿತ್ಸೆ ಅಲ್ಲ. ಕಿಡ್ನಿ ಫೇಲಾದವನಿಗೆ "ಮೂತ್ರ ಬರುತ್ತೆ ಬಿಡು" ಅಂತ ಯಾರೂ ಹೇಳಲ್ಲ, ಡಯಾಲಿಸಿಸ್ ಮಾಡಿಸ್ತಾರೆ. ಧೈರ್ಯ ಕಳಕೊಂಡವನಿಗೆ ಮಾತ್ರ ಬರೀ ಮಾತು ಯಾಕೆ?

ಭಯ ಸುಮ್ಮನೆ ಹುಟ್ಟೋದಿಲ್ಲ

ಅವತ್ತಿನಿಂದ ನಾವು ಈ ವಿಷಯ ಓದಿದೆವು, ತಿಳಿದವರನ್ನು ಕೇಳಿದೆವು. ಅಂಗಾಂಗ ಕಸಿಯಾದ ಆಟಗಾರರ ಭಯ ಹೇಡಿತನ ಅಲ್ಲ, ಅದಕ್ಕೆ ಲೆಕ್ಕ ಇದೆ ಅಂತ ಆಗ ಗೊತ್ತಾಯ್ತು.

ಡಯಾಲಿಸಿಸ್ ದಿನಗಳಲ್ಲಿ ಮೈಯಲ್ಲಿ ನೀರು ತುಂಬಿದರೆ ಏದುಸಿರು ಬರುತ್ತೆ. ಆಗ ಏದುಸಿರು ಅಂದ್ರೆ ಅಪಾಯ, ಆಸ್ಪತ್ರೆಗೆ ಓಡು ಅಂತ ಅರ್ಥ. ಎರಡು ವರ್ಷ ಮನಸ್ಸು ಈ ಪಾಠ ಕಲಿತಿದೆ. ಈಗ ಮೈದಾನದಲ್ಲಿ ಎರಡು ಸುತ್ತು ಓಡಿದರೂ ಏದುಸಿರು ಬರುತ್ತೆ. ದೇಹ ಆಟ ಆಡ್ತಿದೆ, ಮನಸ್ಸು ಆಂಬ್ಯುಲೆನ್ಸ್ ಕೂಗ್ತಿದೆ.

ಮಾತ್ರೆಗಳನ್ನು ನೋಡ್ರಿ. ಹೊಸ ಅಂಗವನ್ನು ದೇಹ ಹೊರಗಿನದು ಅಂತ ತಿಳಿದು ತಿರಸ್ಕರಿಸದಂಗೆ ತಡೀಲಿಕ್ಕೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಟ್ಯಾಕ್ರೊಲಿಮಸ್‌ನಿಂದ ಕೈ ನಡುಗಬಹುದು. ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್‌ನಿಂದ ಮುಖ ದುಂಡಗಾಗಬಹುದು, ನಿದ್ದೆ ಕೆಡಬಹುದು, ಸಿಟ್ಟು-ಅಳು ಹೇಳದೆ ಕೇಳದೆ ಬರಬಹುದು. ಸ್ಟೇಜಿನ ಮೇಲೆ ನಡುಗಿದ ಕೈ ಸಂಕೋಚದ್ದೋ, ಮಾತ್ರೆಯದ್ದೋ, ಭಯದ್ದೋ? ನಾವು ಕೇಳಲೇ ಇಲ್ಲ. ಅವನಿಗೂ ಗೊತ್ತಿಲ್ಲ, ಯಾರೂ ಹೇಳಿಲ್ಲ.

ಹೃದಯ ಕಸಿಯಾದವರ ಕತೆ ಇನ್ನೊಂದು ಥರ. ಹೃದಯ ಬದಲಿಸುವಾಗ ಅದಕ್ಕೆ ಹೋಗುವ ನರಗಳು ಕತ್ತರಿಸಿ ಹೋಗುತ್ತವೆ. ಓಡಲು ಶುರು ಮಾಡಿದ ತಕ್ಷಣ ಬಡಿತ ಏರೋದಿಲ್ಲ. ರಕ್ತದಲ್ಲಿ ಹಾರ್ಮೋನು ಹರಿದು ಬಂದ ಮೇಲೆ ನಿಧಾನಕ್ಕೆ ಏರುತ್ತೆ, ಓಟ ನಿಲ್ಲಿಸಿದ ಮೇಲೂ ನಿಧಾನಕ್ಕೇ ಇಳಿಯುತ್ತೆ. ಅಂಥವರಿಗೆ ಮೈ ಬಿಸಿ ಮಾಡಿಕೊಳ್ಳೋ ಹೊತ್ತು ಜಾಸ್ತಿ ಬೇಕು. ಇದನ್ನು ಹೇಳಿಕೊಡದ ಕೋಚ್ "ಓಡೋ, ಸೋಮಾರಿ" ಅಂತ ಬೈದರೆ ಆ ಆಟಗಾರನ ಗತಿ ಏನು?

ಎಲ್ಲಕ್ಕಿಂತ ದೊಡ್ಡದು ಋಣದ ಭಾರ. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಹೆಚ್ಚಾಗಿ ಆಗೋದು ಬದುಕಿರುವ ಹತ್ತಿರದ ಸಂಬಂಧಿಗಳಿಂದ. ಕೊಡೋರಲ್ಲಿ ಹೆಂಗಸರೇ ಹೆಚ್ಚು. ಕೊಟ್ಟವಳು, ತಗೊಂಡವನು ಒಂದೇ ಒಲೆಯ ಅನ್ನ ಉಣ್ಣೋರು. ಮಗ ಶೂ ಕಟ್ಟಿದರೆ ತಾಯಿ ಬಾಗಿಲಲ್ಲಿ ನಿಂತು ನೋಡ್ತಾಳೆ. ಬಾಯಿಬಿಟ್ಟು ಏನೂ ಅನ್ನಲ್ಲ. ಆ ನೋಟವೇ ಸಾಕು. ಬ್ಯಾಂಕಿನ ಸಾಲಕ್ಕೆ ಕಂತಿದೆ, ಕೊನೆಯ ತಾರೀಕಿದೆ, ತೀರಿದ ಮೇಲೆ ನಿರಾಕ್ಷೇಪಣ ಪತ್ರ ಕೊಡ್ತೀವಿ. ತಾಯಿ ಕೊಟ್ಟ ಕಿಡ್ನಿಗೆ ಯಾವ ಕಂತು, ಯಾವ ತಾರೀಕು?

ತೀರಿಕೊಂಡವರಿಂದ ಪಡೆದವರಿಗೆ ಇನ್ನೊಂದು ಬಗೆಯ ನೋವು. 2021ರ ಜೂನ್‌ನಲ್ಲಿ ನಮ್ಮ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದರು. ನಾವೆಲ್ಲ ಕಣ್ಣೀರು ಹಾಕಿ, "ಬೇರೆಯವರಲ್ಲಿ ಬದುಕಿದ್ದಾರೆ" ಅಂತ ಸ್ಟೇಟಸ್ ಹಾಕಿದೆವು. ಸರಿ. ಆದರೆ ಹೀಗೆ ಬದುಕಿದವರು ಎಷ್ಟೋ ಜನ ರಾತ್ರಿ ಎದ್ದು ಕೂತು "ನನಗೋಸ್ಕರ ಯಾರೋ ಸತ್ತರು" ಅಂತ ಕೊರಗ್ತಾರೆ. ದಾನಿಯ ಸಾವಿಗೆ ಇವರು ಕಾರಣರಲ್ಲ, ಅದು ಅವರಿಗೂ ಗೊತ್ತು. ಮನಸ್ಸು ಆ ತರ್ಕ ಕೇಳೋದಿಲ್ಲ.

ಆಡಿದವರು ಇದ್ದಾರೆ

"ಇಷ್ಟೆಲ್ಲಾ ಇದ್ದ ಮೇಲೆ ಆಟ ಯಾಕ್ರಿ? ಜೀವ ಉಳಿದದ್ದೇ ದೊಡ್ಡದು, ಸುಮ್ಮನೆ ಮನೇಲಿ ಇರಬಾರದಾ?" ಅನ್ನೋರಿಗೆ ಮೊದಲ ಉತ್ತರ ಇದು.

ಏರೀಸ್ ಮೆರಿಟ್ ಅಂತ ಅಮೆರಿಕದ ಹರ್ಡಲ್ಸ್ ಓಟಗಾರ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ 110 ಮೀಟರ್ ಹರ್ಡಲ್ಸ್ ಚಿನ್ನ, ಅದೇ ವರ್ಷ 12.80 ಸೆಕೆಂಡಿನ ವಿಶ್ವದಾಖಲೆ. ಮರುವರ್ಷ ಕಿಡ್ನಿ ಕಾಯಿಲೆ ಗೊತ್ತಾಯ್ತು. ಹಾಳಾದ ಕಿಡ್ನಿ ಇಟ್ಟುಕೊಂಡೇ 2015ರ ಆಗಸ್ಟಿನಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್ ಓಡಿ ಕಂಚು ಗೆದ್ದ. ಕೆಲವೇ ದಿನದ ಮೇಲೆ ಅಕ್ಕನ ಕಿಡ್ನಿ ಪಡೆದ. 2016ರ ಜುಲೈ ಹೊತ್ತಿಗೆ ಮತ್ತೆ ಟ್ರ್ಯಾಕಿನ ಮೇಲಿದ್ದ. ರಿಯೊ ಒಲಿಂಪಿಕ್ಸಿನ ಆಯ್ಕೆ ಓಟದಲ್ಲಿ ಮೂರನೇ ಸ್ಥಾನ ಅವನ ಕೈತಪ್ಪಿದ್ದು ಒಂದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಫೈನಲ್ ಓಡಿದ.

ಎರಿಕ್ ಕಾಂಪ್ಟನ್ ಅನ್ನೋ ಗಾಲ್ಫ್ ಆಟಗಾರನಿಗೆ 12ನೇ ವಯಸ್ಸಿಗೆ, 1992ರಲ್ಲಿ ಹೃದಯ ಕಸಿ. 2008ರಲ್ಲಿ ಇನ್ನೊಮ್ಮೆ. ಮೂರನೇ ಹೃದಯ ಇಟ್ಟುಕೊಂಡು 2014ರ ಯುಎಸ್ ಓಪನ್‌ನಲ್ಲಿ ಜಂಟಿ ಎರಡನೇ ಸ್ಥಾನ ಪಡೆದ. ಫ್ರಾನ್ಸಿನ ಎರಿಕ್ ಅಬಿದಾಲ್ 2012ರಲ್ಲಿ ಲಿವರ್ ಕಸಿ ಮಾಡಿಸಿಕೊಂಡು 2013ರಲ್ಲಿ ಬಾರ್ಸಿಲೋನಾ ಪರ ಮತ್ತೆ ಫುಟ್‌ಬಾಲ್ ಆಡಿದ.

ನಮ್ಮವರ ಮಾತಿಗೆ ಬರೋಣ. ಬೆಂಗಳೂರಿನ ರೀನಾ ರಾಜು 2009ರಲ್ಲಿ ಹೃದಯ ಕಸಿ ಮಾಡಿಸಿಕೊಂಡವರು. ಅಂಗದಾನದ ಅರಿವಿಗಾಗಿ 'ಲೈಟ್ ಎ ಲೈಫ್' ಪ್ರತಿಷ್ಠಾನ ಕಟ್ಟಿದರು, ವಿಶ್ವ ಕಸಿ ಕ್ರೀಡಾಕೂಟದಲ್ಲೂ ಭಾಗವಹಿಸಿದರು. 2017ರಲ್ಲಿ ಎರಡನೇ ಸಲ ಹೃದಯ ಕಸಿ ಆಯ್ತು. ಆಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ.

ಹೌದು, ವಿಶ್ವ ಕಸಿ ಕ್ರೀಡಾಕೂಟ ಅಂತ ಒಂದಿದೆ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಮಾರಿಸ್ ಸ್ಲಾಪಕ್ ಅನ್ನೋ ಕಸಿ ಸರ್ಜನ್ ಶುರು ಮಾಡಿದ್ದು. 2019ರಲ್ಲಿ ನ್ಯೂಕಾಸಲ್, 2023ರಲ್ಲಿ ಪರ್ತ್, 2025ರಲ್ಲಿ ಡ್ರೆಸ್ಡನ್‌ನಲ್ಲಿ ಆಯ್ತು. ಭಾರತದ ತಂಡವೂ ಹೋಗಿ ಪದಕ ತಂದಿದೆ. ಓಟ, ಈಜು, ಸೈಕ್ಲಿಂಗ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ವಾಲಿಬಾಲ್ ಎಲ್ಲಾ ಉಂಟು. ಅಂಗ ಕೊಟ್ಟ ದಾನಿಗಳಿಗೂ ಅಲ್ಲಿ ಸ್ಪರ್ಧೆ ಇದೆ. ನಮ್ಮ ಹುಡುಗನ ಜೊತೆ ಅವರಮ್ಮನೂ ಅಲ್ಲಿ ಓಡಬಹುದು! ಈ ಸುದ್ದಿ ನಮ್ಮ ಆದೋನಿಗೆ ಯಾಕೆ ಬಂದು ಮುಟ್ಟಲಿಲ್ಲ?

ಆದರೆ ಹುಷಾರ್. ಈ ಕತೆಗಳನ್ನು ಹೇಳಿ "ಅವನು ಮಾಡಿದ, ನೀನ್ಯಾಕೆ ಮಾಡಲ್ಲ?" ಅಂತ ಕೇಳಿದರೆ ಅದು ಇನ್ನೊಂದು ಫ್ಲೆಕ್ಸ್ ಅಷ್ಟೇ. ಗೆದ್ದವರ ಫೋಟೋ ಕಾಣುತ್ತೆ, ಒಳಗಿನದು ಕಾಣಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಆಂಡಿ ಕೋಲ್‌ಗೆ 2017ರಲ್ಲಿ ಅಣ್ಣತಂಗಿಯರ ಕಡೆಯ ಹುಡುಗ, ಸೋದರಳಿಯ, ಕಿಡ್ನಿ ಕೊಟ್ಟ. ಕಸಿಯ ನಂತರ ಮನಸ್ಸು ಎಷ್ಟು ಕುಗ್ಗಿತ್ತು ಅಂತ ಆತ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದವನ ಕತೆಯೇ ಹೀಗಾದರೆ, ಸುಗ್ಗಿಗೆ ಗುಂಟೂರಿಗೆ ಹೋಗಿ ಮೆಣಸಿನಕಾಯಿ ಬಿಡಿಸಿ ಬರೋ ಮನೆಯ ಹುಡುಗನ ಕತೆ ಏನು?

ಕ್ರೀಡಾ ಮನಃಶಾಸ್ತ್ರ ಅಂದ್ರೆ ಮಾತಿನ ಮಂಟಪ ಅಲ್ಲ

ನಮ್ಮಲ್ಲಿ ಮನಸ್ಸಿನ ಡಾಕ್ಟರ್ ಅಂದ ಕೂಡಲೇ "ಅವನಿಗೇನು ಹುಚ್ಚಾ?" ಅಂತಾರೆ. 2011ರಲ್ಲಿ ಧೋನಿ ತಂಡ ವಿಶ್ವಕಪ್ ಗೆದ್ದಾಗ ಪ್ಯಾಡಿ ಅಪ್ಟನ್ ಅನ್ನೋರು ಮಾನಸಿಕ ತರಬೇತುದಾರರಾಗಿ ಜೊತೆಗಿದ್ದರು. 2024ರಲ್ಲಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದಾಗಲೂ ಇವರೇ ಜೊತೆಗಿದ್ದರು. ಅವರಿಗ್ಯಾರಿಗೂ ಹುಚ್ಚಿರಲಿಲ್ಲ. ಎರಡು ಕಿಡ್ನಿ, ಒಂದು ಗಟ್ಟಿ ಹೃದಯ, ಕೋಟಿಗಟ್ಟಲೆ ಹಣ ಇದ್ದವರಿಗೇ ಮನಸ್ಸಿಗೊಬ್ಬ ಕೋಚ್ ಬೇಕು. ಅಮ್ಮನ ಕಿಡ್ನಿ ಹೊತ್ತುಕೊಂಡು ಕೋರ್ಟಿಗಿಳಿಯೋನಿಗೆ ಬ್ಯಾಡ್ವಾ?

ತಿಳಿದವರು ಇಂಥ ಹುಡುಗನ ಜೊತೆ ಏನು ಮಾಡ್ತಾರೆ ಅಂತ ಕೇಳಿ ತಿಳ್ಕೊಂಡೆವು. ಮಂತ್ರ ಇಲ್ಲ, ಮಾಯ ಇಲ್ಲ. ಮೊದಲು ದೇಹದ ಮಾತನ್ನು ಮತ್ತೆ ಕಲಿಸ್ತಾರೆ. ಜ್ವರ, ಕಸಿಯಾದ ಜಾಗದಲ್ಲಿ ನೋವು, ಮೈ ಬಾವು, ಮೂತ್ರ ಕಡಿಮೆಯಾಗೋದು ಬಂದರೆ ಆಟ ಬಿಟ್ಟು ಡಾಕ್ಟರ ಹತ್ತಿರ ಓಡು. ಆಡಿ ಬಂದ ಸಾಮಾನ್ಯ ಏದುಸಿರು, ತೊಡೆಯ ಹಿಡಿತ ಅಂದ್ರೆ ಆಟದ ಕೂಲಿ, ಹೆದರೋದು ಬ್ಯಾಡ. ಯಾವುದು ಯಾವುದು ಅಂತ ಬೇರೆ ಮಾಡೋದು ಗೊತ್ತಾದರೆ ಅರ್ಧ ಭಯ ಇಳಿಯುತ್ತೆ.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸ್ತಾರೆ. ಮೊದಲ ವಾರ ಬಲೂನು, ಆಮೇಲೆ ಸ್ಪಂಜಿನ ಚೆಂಡು, ಆಮೇಲೆ ಗೆಳೆಯ ಕೆಳಗಿನಿಂದ ಎಸೆಯೋ ನಿಜವಾದ ಚೆಂಡು, ಕೊನೆಗೆ ನೆಟ್ಟಿನ ಮೇಲಿಂದ ಬರೋ ಹೊಡೆತ. ಪ್ರತಿ ಮೆಟ್ಟಿಲಲ್ಲೂ ಕೈ ಎಲ್ಲಿಗೆ ಹೋಯ್ತು ಅಂತ ಅವನೇ ಬರೆದಿಡ್ತಾನೆ. ಸರ್ವಿಸ್‌ಗೆ ಮುಂಚೆ ಉಸಿರು ನಿಧಾನಕ್ಕೆ ಬಿಡೋದು, ತನಗೆ ತಾನೇ ಒಂದು ಮಾತು ಹೇಳಿಕೊಳ್ಳೋದು, ಆಟವನ್ನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆಡಿ ನೋಡೋದು. ತಾಯಿಯನ್ನೂ ಕೂರಿಸಿಕೊಂಡು ಮಾತಾಡ್ತಾರೆ, ಯಾಕಂದ್ರೆ ಅವಳ ಭಯವೂ ಅಷ್ಟೇ ನಿಜ. ಕಬಡ್ಡಿಯಂಥ, ಮೈಗೆ ಮೈ ಅಪ್ಪಳಿಸೋ ಆಟ ಕಿಡ್ನಿ ಕಸಿಯಾದವನಿಗೆ ಬ್ಯಾಡ ಅಂತ ಡಾಕ್ಟರು ಹೇಳ್ತಾರೆ. ಕಬಡ್ಡಿಯೇ ಜೀವ ಅಂದುಕೊಂಡವನಿಗೆ ಅದು ಮನೆಯಲ್ಲೊಂದು ಸಾವು ಆದಂಗೆ. ಆ ದುಃಖ ಕಳೆದು ಇನ್ನೊಂದು ಆಟಕ್ಕೆ ಬರೋತನಕ ಯಾರೋ ಜೊತೆಗಿರಬೇಕು.

ಇದಕ್ಕೆ ದೊಡ್ಡ ಮಷಿನ್ ಬೇಕಾ? ಎಂಆರ್‌ಐ ಬೇಕಾ? ಒಬ್ಬ ತರಬೇತಾದ ಮನುಷ್ಯ, ಎರಡು ಕುರ್ಚಿ, ಒಂದು ಚೆಂಡು, ಸ್ವಲ್ಪ ತಾಳ್ಮೆ.

ಯಾವ ಲೆಕ್ಕದಲ್ಲೂ ಇಲ್ಲದವರು

ಈಗ ಸರ್ಕಾರದ ಲೆಕ್ಕ ನೋಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇವೆ. ಅಂಗಾಂಗ ಕಸಿ ಅದರಲ್ಲಿ ಇಲ್ಲ. ಪ್ಯಾರಾಲಿಂಪಿಕ್ಸಿನ ಅರ್ಹತಾ ಪಟ್ಟಿಯಲ್ಲೂ ಕಸಿ ಅನ್ನೋದಿಲ್ಲ. ಅಂದ್ರೆ ಇವನು ಪ್ಯಾರಾ ಆಟಗಾರ ಅಲ್ಲ. ಹಾಗಂತ ಸಾಮಾನ್ಯ ಆಟಗಾರರ ಜೊತೆ ಓಡು ಅಂದ್ರೆ ಅಲ್ಲೂ ಮುಳ್ಳು. ಅವನು ದಿನಾ ನುಂಗೋ ಪ್ರೆಡ್ನಿಸೊಲೋನ್ ಸ್ಪರ್ಧೆಯ ವೇಳೆ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿದೆ. ಚಿಕಿತ್ಸೆಗಾಗಿ ವಿನಾಯಿತಿ ಸಿಗುತ್ತೆ, ಆದರೆ ಅರ್ಜಿ ಹಾಕಬೇಕು, ದಾಖಲೆ ಕೊಡಬೇಕು. ಇದು ಗೊತ್ತಿಲ್ಲದ ಹುಡುಗ ದೊಡ್ಡ ಮಟ್ಟದಲ್ಲಿ ಆಡಿ ಸಿಕ್ಕಿಬಿದ್ದರೆ? ಜೀವ ಉಳಿಸೋ ಮಾತ್ರೆಗೆ ಡೋಪಿಂಗ್ ಕಳ್ಳ ಅನ್ನಿಸಿಕೊಳ್ಳಬೇಕಾ? ಈ ಅಂಜಿಕೆಯೂ ಅವನ ತಲೆ ಮೇಲೆಯೇ.

ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದಾಗಿಂದ ಇದರ ರುಚಿ ನಮಗೆ ಚೆನ್ನಾಗಿ ಗೊತ್ತು ಬಂಧುಗಳೇ. ಅದಕ್ಕೇ ಈ ಹುಡುಗನ ಪರ ನಾವು ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು?

ಒಳ್ಳೇದನ್ನೂ ಹೇಳ್ತೀವಿ. ನಮ್ಮ ರಾಜ್ಯದಲ್ಲಿ ಎನ್‌ಟಿಆರ್ ಭರೋಸಾ ಯೋಜನೆಯಲ್ಲಿ ಕಿಡ್ನಿ, ಲಿವರ್, ಹೃದಯ ಕಸಿಯಾದವರಿಗೆ 2024ರ ಜುಲೈಯಿಂದ ತಿಂಗಳಿಗೆ 10,000 ರೂಪಾಯಿ ಪಿಂಚಣಿ ಇದೆ. ಇದು ಸಣ್ಣ ಮಾತಲ್ಲ, ಕೈಮುಗಿದು ಒಪ್ಪುತ್ತೀವಿ. ಆದರೆ ನಾವು ಬಿ.ಕಾಂನವರು, ಒಂದು ಲೆಕ್ಕ ಕೇಳ್ತೀವಿ. ಲಕ್ಷಗಟ್ಟಲೆ ಸುರಿದು ಒಂದು ಆಸ್ತಿ ಮಾಡಿ, ಅದರ ನಿರ್ವಹಣೆಗೆ ಒಂದು ಭಾಗದ ದುಡ್ಡನ್ನೇ ಇಡದಿದ್ದರೆ ಯಾವ ಆಡಿಟರ್ ಸಹಿ ಹಾಕ್ತಾನೆ? ಮನಸ್ಸು ಕುಗ್ಗಿದವನು ಮೊದಲು ಆಟ ಬಿಡ್ತಾನೆ, ಆಮೇಲೆ ನಡಿಗೆ ಬಿಡ್ತಾನೆ, ಕೊನೆಗೆ ಮಾತ್ರೆ ತಪ್ಪಿಸ್ತಾನೆ. ಮಾತ್ರೆ ತಪ್ಪಿಸೋದು ಕಸಿಯಾದ ಕಿಡ್ನಿ ಕೈಕೊಡಲಿಕ್ಕೆ ಒಂದು ಮುಖ್ಯ ಕಾರಣ ಅಂತ ವೈದ್ಯರೇ ಹೇಳ್ತಾರೆ. ಸಾಲ ಕೊಟ್ಟು ಆ ಕಡೆ ತಿರುಗಿಯೂ ನೋಡದ ಬ್ಯಾಂಕಿನ ಖಾತೆ ಎನ್‌ಪಿಎ ಆಗುತ್ತೆ. ಇಲ್ಲಿ ಎನ್‌ಪಿಎ ಆಗೋದು ಒಬ್ಬ ತಾಯಿಯ ಕಿಡ್ನಿ.

ಭಯ ಯಾವ ಭಾಷೆಯಲ್ಲಿ ಬರುತ್ತೆ?

ಈಗ ನಮ್ಮ ಹಳೇ ರಾಗ ಅಂತೀರಿ. ಅನ್ರಿ, ಪರವಾಗಿಲ್ಲ.

ತೆಲುಗಿನ ಮೇಲೆ ನಮಗೆ ದ್ವೇಷ ಇಲ್ಲ. ಹತ್ತಿ ಮಾರ್ಕೆಟ್ಟಿನಲ್ಲಿ, ಮಂಡಲ ಕಚೇರಿಯಲ್ಲಿ, ನಮ್ಮ ಕೌಂಟರಿನಲ್ಲಿ ದಿನವಿಡೀ ತೆಲುಗು ಮಾತಾಡ್ತೀವಿ. ಕಿಡ್ನಿ ಆಪರೇಷನ್‌ಗೂ ಭಾಷೆ ಅಡ್ಡ ಬರಲ್ಲ, ಕತ್ತರಿ ಯಾವ ಭಾಷೆಯಲ್ಲಾದರೂ ಕತ್ತರಿಸುತ್ತೆ. ಆದರೆ ಮನಸ್ಸಿನ ಚಿಕಿತ್ಸೆಗೆ ಮಾತೇ ಕತ್ತರಿ, ಮಾತೇ ಹೊಲಿಗೆ. "ಎದೆ ಝಲ್ ಅಂತದ", "ಜೀವಕ್ಕ ಬ್ಯಾಸರ ಆಗ್ಯದ", "ಹೊಟ್ಯಾಗ ಕಲಸಿದಂಗ ಆಗ್ತದ" ಅಂತ ಒಬ್ಬ ಹುಡುಗ ಹೇಳಬೇಕಂದ್ರೆ ಎದುರಿಗೆ ಕೂತವರಿಗೆ ಅದು ಅರ್ಥ ಆಗಬೇಕು. ಪರಭಾಷೆಯಲ್ಲಿ ಅವನು "ಬಾಗಾನೇ ಉನ್ನಾನು ಸಾರ್" ಅಂತ ಎದ್ದು ಬರ್ತಾನೆ. ಕೇಸ್ ಶೀಟಿನಲ್ಲಿ "ತೊಂದರೆ ಇಲ್ಲ" ಅಂತ ಬರೀತಾರೆ. ಮುಗೀತು.

ಟೆಲಿ ಮಾನಸ್ ಅಂತ 14416 ನಂಬರಿನ ಉಚಿತ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಗಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಈಗಲೇ ನಂಬರ್ ಸೇವ್ ಮಾಡಿಕೊಳ್ರಿ. ಅದು ಎಲ್ಲರಿಗೂ ಇರುವ ಸೇವೆ, ಕಸಿಯಾದ ಆಟಗಾರನಿಗೇ ಅಂತ ಮಾಡಿದ್ದಲ್ಲ. ಆದರೂ ಕನ್ನಡದಲ್ಲಿ ಬಾಯಿಬಿಡಲಿಕ್ಕೆ ಒಂದು ಬಾಗಿಲು.

ಬರೋ ಪ್ರಶ್ನೆಗಳಿಗೆ ಉತ್ತರ

"ಡಯಾಲಿಸಿಸ್ ಬೆಡ್ಡಿಗೇ ಜನ ಸಾಲು ನಿಂತಾರೆ, ನಿಮಗೆ ಮನಃಶಾಸ್ತ್ರ ಬೇಕಾ?" ನ್ಯಾಯವಾದ ಪ್ರಶ್ನೆ. ಬೆಡ್ ಮೊದಲು, ಒಪ್ಪಿದೆವು. ಬೆಡ್ ಕಡಿಮೆ ಮಾಡಿ ಇದಕ್ಕೆ ಕೊಡಿ ಅಂತ ನಾವು ಕೇಳ್ತಿಲ್ಲ. ಕಸಿಯಾದವನು ಕುಗ್ಗಿ, ಮಾತ್ರೆ ತಪ್ಪಿಸಿ, ಕಿಡ್ನಿ ಕಳಕೊಂಡರೆ ಅದೇ ಡಯಾಲಿಸಿಸ್ ಸಾಲಿಗೆ ವಾಪಸ್ ಬರ್ತಾನೆ. ಅವನನ್ನು ಗಟ್ಟಿಯಾಗಿ ನಿಲ್ಲಿಸಿದರೆ ಸಾಲಿನಲ್ಲಿ ಒಬ್ಬ ಕಡಿಮೆ.

"ಆಟ ಆಡಿ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಅದಕ್ಕೇ ಅಲ್ವಾ ತಿಳಿದವರು ಜೊತೆಗಿರಬೇಕು ಅನ್ನೋದು. ಡಾಕ್ಟರ ಒಪ್ಪಿಗೆ ಇಲ್ಲದೆ ಯಾರೂ ಕೋರ್ಟಿಗಿಳಿಯಬಾರದು, ನಮ್ಮ ಬಿಸಿಲಲ್ಲಿ ನೀರಿಲ್ಲದೆ ಅಂತೂ ಇಳಿಯಲೇಬಾರದು. ಇನ್ನೊಂದು ಮಾತು. ದಸರಾ ರಾತ್ರಿ ದೇವರಗಟ್ಟಿನ ಬನ್ನಿಯಲ್ಲಿ ಕೋಲಿನೇಟಿಗೆ ತಲೆ ಒಡೆದುಕೊಂಡವನಿಗೆ ಅರಿಶಿನ ಮೆತ್ತಿ "ಗಂಡಸು ಕಣೋ" ಅನ್ನೋ ಸೀಮೆ ನಮ್ಮದು. ಅವನಿಗೆ ಯಾರೂ "ಮನೇಲಿರು" ಅನ್ನಲ್ಲ. ಡಾಕ್ಟರೇ ಆಡು ಅಂದ ಹುಡುಗ ಶಟಲ್ ಬ್ಯಾಟ್ ಹಿಡಿದರೆ ಮಾತ್ರ ಊರಿಗೆಲ್ಲ ಕಾಳಜಿ ಉಕ್ಕಿ ಬರುತ್ತೆ!

"ಇಂಥವರು ನಮ್ಮ ಕಡೆ ಎಷ್ಟು ಜನ ಇದ್ದಾರ್ರೀ?" ಕಡಿಮೆಯೇ ಇರಬಹುದು. ಅಲ್ಪಸಂಖ್ಯಾತರು ಅಂದ್ರೆ ಎಣಿಕೆಯಲ್ಲಿ ಕಡಿಮೆ ಅಂತ, ಹಕ್ಕಿನಲ್ಲಿ ಕಡಿಮೆ ಅಂತ ಅಲ್ಲ. ಇದನ್ನು ಈ ಪೇಜಿನ ಓದುಗರಿಗೆ ನಾವು ಹೇಳಬೇಕಾ?

ನಾವು ಕೇಳೋದು ಇಷ್ಟು

1. ಕಸಿ ಮಾಡುವ ಪ್ರತಿ ಆಸ್ಪತ್ರೆ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಜೊತೆಗೆ ಒಂದು ಸಾಲು ಸೇರಿಸಲಿ: ಈತ ಮೊದಲು ಆಟಗಾರನಾ? ಮತ್ತೆ ಆಡಬೇಕು ಅಂತಿದೆಯಾ? ಹೌದು ಅಂದ್ರೆ ಯಾರನ್ನು ಕಾಣಬೇಕು? ದಾನಿಗೂ ಇದೇ ಪ್ರಶ್ನೆ ಕೇಳಲಿ.

2. ಆಂಧ್ರದ ಜೀವನ್‌ದಾನ್, ಕರ್ನಾಟಕದ ಜೀವಸಾರ್ಥಕತೆ ಎರಡೂ ಅಂಗದಾನದ ಅರಿವಿಗೆ ಒಳ್ಳೆ ಕೆಲಸ ಮಾಡ್ತಿವೆ. ಪಡೆದವರು ಆಮೇಲೆ ಹೇಗೆ ಬದುಕ್ತಾರೆ, ಹೇಗೆ ಆಡ್ತಾರೆ ಅನ್ನೋದಕ್ಕೂ ಕ್ರೀಡಾ ಮನಃಶಾಸ್ತ್ರ ಬಲ್ಲವರನ್ನು ಸೇರಿಸಿಕೊಳ್ಳಲಿ.

3. ಜಿಲ್ಲಾ ಕ್ರೀಡಾ ಕೋಚ್‌ಗಳಿಗೆ, ಶಾಲೆಯ ಪಿಇಟಿ ಮೇಷ್ಟ್ರುಗಳಿಗೆ ಕಸಿಯಾದ ಆಟಗಾರನ ಬಗ್ಗೆ ಒಂದು ದಿನದ ತರಬೇತಿ ಕೊಡಲಿ. ಯಾವ ಆಟ ಸರಿ, ಯಾವ ಲಕ್ಷಣಕ್ಕೆ ನಿಲ್ಲಿಸಬೇಕು, ಯಾವ ಮಾತು ಆಡಬಾರದು ಅಂತ.

4. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಗಡಿಯಾಚೆಯ ಕನ್ನಡಿಗರ ಸಮಾರಂಭಗಳಿಗೆ ಮಾತ್ರ ಅಲ್ಲ, ಇಂಥದಕ್ಕೂ ಸ್ವಲ್ಪ ತೆಗೆದಿಡಲಿ. ನಿಮ್ಹಾನ್ಸ್‌ನಂಥ ಸಂಸ್ಥೆಯ ನೆರವಿನಿಂದ ಒಂದು ಚಿಕ್ಕ ಪುಸ್ತಕ, ಹತ್ತು ಆಡಿಯೊ, ವಾರಕ್ಕೆ ಒಂದು ಗಂಟೆ ಫೋನಿನಲ್ಲಿ ಕನ್ನಡದ ಸಲಹೆ. ಒಂದು ಶಾಮಿಯಾನದ ಬಾಡಿಗೆ ಉಳಿಸಿದರೂ ಶುರು ಮಾಡಬಹುದು.

ಇನ್ನು ನಮ್ಮ ಪಾಲಿನದು. ಈ ಸಲದ ರಾಜ್ಯೋತ್ಸವಕ್ಕೆ ಕಸಿಯಾದವರಿಗೆ ಶಾಲು ಇಲ್ಲ, ಫ್ಲೆಕ್ಸ್ ಇಲ್ಲ. ಬದಲಿಗೆ ನಮ್ಮ ಟೂರ್ನಮೆಂಟಿನಲ್ಲಿ ಅಂಗ ಪಡೆದವರಿಗೆ, ಕೊಟ್ಟವರಿಗೆ ಒಂದು ನಡಿಗೆ ಸ್ಪರ್ಧೆ, ಒಂದು ಶಟಲ್ ಕೋರ್ಟು. ಡಾಕ್ಟರ ಚೀಟಿ ಕಡ್ಡಾಯ. ಬೆಳಗಿನ ತಂಪಿನಲ್ಲಿ, ನೀರು-ನೆರಳು ಇಟ್ಟು. ಒಬ್ಬರೇ ಬಂದರೂ ನಡೆಸ್ತೀವಿ.

ಆ ಹುಡುಗ ಹೋದ ತಿಂಗಳು ಬಡ್ಡಿ ಕಟ್ಟಲಿಕ್ಕೆ ಬಂದಿದ್ದ. ಈ ಸಲ ನಾವು ಬೆನ್ನು ತಟ್ಟಲಿಲ್ಲ. "ಭಯ ಹೆಂಗೈತಪ್ಪ?" ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐತಿ ಸಾರ್" ಅಂದ. ಆಮೇಲೆ ರಶೀದಿ ಜೇಬಿಗಿಟ್ಟುಕೊಂಡು ಇನ್ನೊಂದು ಮಾತು ಅಂದ: "ಹಿಂಗ ಯಾರೂ ಕೇಳಿದ್ದಿಲ್ಲ ಸಾರ್."

ಬಂಧುಗಳೇ, ನಿಮ್ಮ ಊರಲ್ಲೂ ಲೈನಿನ ಆಚೆ ಚಪ್ಪಲಿ ಹಾಕ್ಕೊಂಡು ನಿಂತವರು ಇರಬಹುದು. ಮೊದಲು ಹೋಗಿ ಅದನ್ನೇ ಕೇಳ್ರಿ. ಗೊತ್ತಿರೋ ಡಾಕ್ಟರು, ಕೋಚು, ಮನಃಶಾಸ್ತ್ರ ಓದಿದ ಕನ್ನಡದ ಹುಡುಗ-ಹುಡುಗಿಯರು ಇದ್ದರೆ ಅವರಿಗೆ ಇದನ್ನು ಶೇರ್ ಮಾಡ್ರಿ. ಆದೋನಿಗೆ ತಿಂಗಳಿಗೊಂದು ದಿನ ಬಂದು ಕೂರ್ತೀವಿ ಅನ್ನೋರಿದ್ದರೆ ಬಸ್ ಚಾರ್ಜು ನಮ್ಮದು, ಊಟ ನಮ್ಮ ಮನೆಯದು.

ಜೈ ಕನ್ನಡಾಂಬೆ.